ಓದಿದ ಹುಡುಗರೂ ಊರಿನ ಕೆಲಸವೂ

ಚಿತ್ರದುರ್ಗ ತಾಲ್ಲೂಕಿನ ಹಿರೇಗುಂಟನೂರು ಹೋಬಳಿಯಲ್ಲಿ, ನಡುಬೇಸಗೆಯ ಹೊತ್ತು, ಒಬ್ಬರ ಕೊಳವೆಬಾವಿಯ ಮೋಟಾರು ಸುಟ್ಟಿತೆಂದು ಇಟ್ಟುಕೊಳ್ಳಿ. ಅಡಿಕೆ ತೋಟದ ಯಜಮಾನನಿಗೆ ಆ ದಿನ ಊಟ ರುಚಿಸದು. ಮೋಟಾರನ್ನು ಮೇಲಕ್ಕೆತ್ತಿ, ಗಾಡಿಗೆ ಹೇರಿ, ವೈಂಡಿಂಗ್ ಅಂಗಡಿಗೆ ಒಯ್ದರೆ ಅಲ್ಲಿ ಆಗಲೇ ಹತ್ತು ಮೋಟಾರುಗಳು ಸಾಲುಗಟ್ಟಿ ಕುಳಿತಿರುತ್ತವೆ. ಮಾಡುವವನು ಒಬ್ಬನೇ. ಅದೇ ಹೊತ್ತಿಗೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬಿ.ಎ., ಬಿ.ಕಾಂ. ಮುಗಿಸಿದ ನಾಲ್ವರು ಹುಡುಗರು ಯಾವ ಇಲಾಖೆ ಅರ್ಜಿ ಕರೆದಿದೆಯೆಂದು ಮೊಬೈಲಿನಲ್ಲಿ ನೋಡುತ್ತಿರುತ್ತಾರೆ. ಕೆಲಸ ಆಳನ್ನು ಅರಸುತ್ತಿದೆ, ಆಳು ಕೆಲಸವನ್ನು ಅರಸುತ್ತಿದ್ದಾನೆ. ನಡುವೆ ಇರುವುದು ಒಂದು ರಸ್ತೆ.

ಇದು ನಮ್ಮ ಹೋಬಳಿಯ ಸಂಗತಿಯಷ್ಟೇ ಅಲ್ಲ. ನೆರೆಯ ಬಾಂಗ್ಲಾದೇಶದಲ್ಲಿ 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದು ಸರ್ಕಾರಿ ಹುದ್ದೆಗಳ ಮೀಸಲಾತಿಯ ಪ್ರಶ್ನೆಯಿಂದ. ಆಗಸ್ಟ್ 5ರಂದು ಪ್ರಧಾನಿಯೇ ದೇಶ ಬಿಡಬೇಕಾಯಿತು. ನೇಪಾಳದ ಹುಡುಗರು ಕೊಲ್ಲಿ ದೇಶಗಳಿಗೂ ಮಲೇಷಿಯಾಕ್ಕೂ ದುಡಿಯಲು ಹೋಗಿ, ಎಷ್ಟೋ ಮನೆಗಳಲ್ಲಿ ಮುದುಕರೇ ಉಳಿದಿದ್ದಾರೆ.

ನಮ್ಮ ದೇಶದ ಲೆಕ್ಕವನ್ನೂ ಕೇಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು 2024ರಲ್ಲಿ ಹೊರತಂದ ವರದಿಯಂತೆ, 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗಿಗಳು ನೂರಕ್ಕೆ 3.4, ಪದವೀಧರರಲ್ಲಿ 29.1! ಓದಿದ್ದೇ ತಪ್ಪಾಯಿತೆ? ಹಾಗಲ್ಲ. ಓದದವನಿಗೆ ಕಾಯುವ ಅನುಕೂಲವಿಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ. ಓದಿದವನು ಕಾಯುತ್ತಾನೆ. ಆ ಕಾಯುವಿಕೆಯ ಖರ್ಚನ್ನು ಹೊರುವವರು ತಂದೆತಾಯಿ.

ಹೀಗೆ ಕಾಯುವುದಕ್ಕೆ ನಮ್ಮ ಕಡೆ ಒಂದು ಕಾರಣವೂ ಉಂಟು. ಭೀಮಸಮುದ್ರದ ಸುತ್ತ ಕಬ್ಬಿಣದ ಅದಿರಿನ ಭರಾಟೆ ನಡೆದಿದ್ದ ಕಾಲದಲ್ಲಿ ಎಷ್ಟೋ ಹುಡುಗರು ಶಾಲೆ ಬಿಟ್ಟು ಲಾರಿ ಹತ್ತಿದರು. ಕೈತುಂಬ ಹಣವೂ ಬಂತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಸಾಲದ ಲಾರಿಗಳು ಮನೆಯ ಮುಂದೆ ನಿಂತವು. ಮುಂದೆ ಗಣಿಗಳು ಮತ್ತೆ ತೆರೆದವು ನಿಜ. ಆದರೆ ‘ಕೈಕೆಲಸ ನಂಬಬೇಡ, ಡಿಗ್ರಿ ಮಾಡು’ ಎಂಬ ಮಾತು ಮನೆಮನೆಯಲ್ಲಿ ನೆಲೆಯೂರಿತು. ಅಂಥ ತಂದೆಯನ್ನು ನಾನು ಹಳಿಯಲಾರೆ.

ಹಾಗಾದರೆ ಐ.ಟಿ.ಐ. ಇಲ್ಲವೆ ಎನ್ನುವಿರಿ. ಇದೆ. ಎಸ್.ಎಸ್.ಎಲ್.ಸಿ. ಆದವನು ಎರಡು ವರ್ಷದಲ್ಲಿ ಎಲೆಕ್ಟ್ರಿಷಿಯನ್ ಆಗಬಹುದು, ಫಿಟ್ಟರ್ ಆಗಬಹುದು. ವೆಲ್ಡರಿಗೆ ಒಂದೇ ವರ್ಷ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಭತ್ಯೆ ಪಡೆದು ಕಲಿಯುವ ದಾರಿಯೂ ಉಂಟು. ತೊಡಕಿರುವುದು ಬೇರೆ ಕಡೆ. ಸರ್ಟಿಫಿಕೇಟು ಹಿಡಿದು ಬಂದ ಹುಡುಗನೊಬ್ಬನಿಗೆ ನನಗೆ ಗೊತ್ತಿರುವ ವೈಂಡಿಂಗ್ ಅಂಗಡಿಯವರು ಸುಟ್ಟ ಮೋಟಾರನ್ನು ಬಿಚ್ಚಲು ಹೇಳಿದರು. ಅವನು ಅದುವರೆಗೆ ಒಂದನ್ನೂ ಬಿಚ್ಚಿರಲಿಲ್ಲ. ಚಿತ್ರ ಬರೆದು ಪಾಸಾಗಿದ್ದ. ಅಂಗಡಿಯವರು ಅವನನ್ನು ಕಳುಹಿಸಿಬಿಟ್ಟರು. ಆರು ತಿಂಗಳು ಜೊತೆಗಿಟ್ಟುಕೊಂಡು ಕಲಿಸಿ ಎಂದೆ. ‘ಕಲಿತ ಮೇಲೆ ಬೆಂಗಳೂರಿಗೆ ಹೋಗ್ತಾನೆ ಸ್ವಾಮಿ’ ಎಂದರು. ಅದೂ ಸುಳ್ಳಲ್ಲ.

ಏಕೆ ಹೋಗುತ್ತಾನೆ? ಸಂಬಳವೊಂದೇ ಕಾರಣವಲ್ಲ. ಇದನ್ನು ಹೇಳಲು ಸ್ವಲ್ಪ ಸಂಕೋಚವೇ. ಊರಿನಲ್ಲೇ ಮೋಟಾರು ರಿಪೇರಿ ಮಾಡಿ ಚೆನ್ನಾಗಿ ದುಡಿಯುವ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ. ಬೆಂಗಳೂರಿನಲ್ಲಿ ಅದರ ಅರ್ಧ ಸಂಬಳಕ್ಕೆ ಕಾವಲು ಕಾಯುವವನಿಗೆ ‘ಹುಡುಗ ಕಂಪನಿಯಲ್ಲಿದ್ದಾನೆ’ ಎಂದು ಹೆಣ್ಣು ಸಿಗುತ್ತದೆ. ಕೊಡುವವರು ಯಾರು? ರೇಡಿಯೋ ಹಾಕಿಕೊಂಡು ಕುಳಿತಿರುವ ನಾವು ನೀವೇ.

ಪರೀಕ್ಷೆಯ ಫಲಿತಾಂಶ ಬಂದು ಶಾಲೆ ಸೇರಿಸುವ ದಿನಗಳಲ್ಲಿ ಒಂದು ಕೆಲಸ ಮಾಡಿ. ಶುಲ್ಕ ಕಟ್ಟುವ ಮುನ್ನ ಮಗನನ್ನೋ ಮಗಳನ್ನೋ ಕರೆದುಕೊಂಡು ಸಂಸ್ಥೆಯ ಕಮ್ಮಟಕ್ಕೆ ಹೋಗಿ. ಯಂತ್ರಗಳ ಮೇಲೆ ಧೂಳು ಕೂತಿದೆಯೋ ಎಣ್ಣೆಯ ಕಲೆಯಿದೆಯೋ ನೋಡಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಬೀಗದ ಕೈ ತರಿಸಿ. ತಡವಾದರೂ ಚಿಂತೆಯಿಲ್ಲ, ಅಲ್ಲೇ ನಿಂತಿರಿ.