ಕಾಲು ಕಳೆದವರಿಗೆ ಸಾಲಿನಲ್ಲಿ ಸ್ಥಾನವಿರಲಿ



ಅಪಘಾತದಲ್ಲೋ ಸಕ್ಕರೆ ಕಾಯಿಲೆಯಿಂದಲೋ ಕಾಲು ಕಳೆದುಕೊಂಡವರ ಮನೆಗೆ ನಾವು ಹೋಗುತ್ತೇವೆ. ಸಹನೆ ವಹಿಸಿರೆಂದು ಉಪದೇಶಿಸಿ, ಚಹಾ ಕುಡಿದು ಮರಳುತ್ತೇವೆ. ಆ ಬಳಿಕ ಅವರ ಬದುಕು ಒಳಕೋಣೆಯ ಮಂಚಕ್ಕೆ ಸೀಮಿತವಾಗುತ್ತದೆ. ವೈದ್ಯರು ಕತ್ತರಿಸಿದ್ದು ಕಾಲನ್ನು ಮಾತ್ರ. ಸಮಾಜದಿಂದ ಅವರನ್ನು ಕತ್ತರಿಸಿದವರು ನಾವೇ ಅಲ್ಲವೇ?

ಇರಾನ್ ಮತ್ತು ಬೋಸ್ನಿಯಾಗಳತ್ತ ಒಮ್ಮೆ ನೋಡೋಣ. 1980ರಿಂದ 1988ರವರೆಗಿನ ಇರಾನ್-ಇರಾಕ್ ಯುದ್ಧ ಹಾಗೂ 1992ರಿಂದ 1995ರವರೆಗಿನ ಬೋಸ್ನಿಯಾ ಯುದ್ಧಗಳು ಸಾವಿರಾರು ಯುವಕರನ್ನು ಅಂಗವಿಕಲರನ್ನಾಗಿಸಿದವು. ಯುದ್ಧ ಹೂಡಿದವರು ಕದನ ನಿಲ್ಲಿಸಿ ಎದ್ದು ಹೋದರು. ನೆಲದಲ್ಲಿ ಹುದುಗಿದ್ದ ಬಾಂಬುಗಳು ಹಾಗೆಯೇ ಉಳಿದವು. ಕಾಲು ಕಳೆದುಕೊಂಡ ಆ ಯುವಕರಲ್ಲಿ ಹಲವರಿಗೆ ಕುಳಿತು ಆಡುವ ವಾಲಿಬಾಲ್ ಹೊಸ ಬದುಕಾಯಿತು.

1956ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡ ಈ ಆಟಕ್ಕೆ 10 ಮೀಟರ್ ಉದ್ದ, 6 ಮೀಟರ್ ಅಗಲದ ಅಂಗಣ ಸಾಕು. ಪುರುಷರ ಆಟದಲ್ಲಿ ಬಲೆಯ ಎತ್ತರ 1.15 ಮೀಟರ್. ಚೆಂಡನ್ನು ಹೊಡೆಯುವಾಗ ದೇಹ ನೆಲ ಬಿಟ್ಟು ಮೇಲೇಳಬಾರದು. ಕೃತಕ ಕಾಲನ್ನು ಬದಿಗಿಟ್ಟು, ಕೈಗಳನ್ನೂರಿ ಸರಿಯುತ್ತಾ ಆಡಬೇಕು. ಇಲ್ಲಿ ಇಲ್ಲದ ಕಾಲನ್ನು ಯಾರೂ ಎಣಿಸುವುದಿಲ್ಲ. ಇರುವ ಚುರುಕನ್ನೇ ನೆಚ್ಚುತ್ತಾರೆ. ತನಗಾಗಿ ತಂಡವೊಂದು ಕಾಯುತ್ತಿದೆಯೆಂಬ ಅರಿವೇ ಮನುಷ್ಯನನ್ನು ಮಂಚದಿಂದ ಎಬ್ಬಿಸುತ್ತದೆ.

2000ದಿಂದ 2016ರವರೆಗಿನ ಐದೂ ಪ್ಯಾರಾಲಿಂಪಿಕ್ಸ್‌ಗಳ ಪುರುಷರ ಅಂತಿಮ ಪಂದ್ಯದಲ್ಲಿ ಎದುರಾದದ್ದು ಈ ಎರಡು ನಾಡುಗಳೇ. 2000, 2008 ಮತ್ತು 2016ರಲ್ಲಿ ಇರಾನ್ ಗೆದ್ದರೆ, 2004 ಮತ್ತು 2012ರಲ್ಲಿ ಬೋಸ್ನಿಯಾ ಗೆದ್ದಿತು. 2024ರಲ್ಲಿ ಪ್ಯಾರಿಸ್‌ನಲ್ಲಿಯೂ ಅಂತಿಮ ಹಣಾಹಣಿ ಇವುಗಳದ್ದೇ. ಚಿನ್ನ ಇರಾನ್‌ಗೆ ದಕ್ಕಿತು.

ಸಹೋದರರೇ, ಈ ಪಾಠ ನಮಗೆ ಹೊಸತೇನಲ್ಲ. ಪ್ರವಾದಿವರ್ಯರು(ಸ) ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ)ರಿಗೆ ಬರಿಯ ಅನುಕಂಪ ತೋರಲಿಲ್ಲ. ಅದಾನ್ ಕೊಡುವ ಹೊಣೆಯನ್ನು ವಹಿಸಿದರು. ತಾವು ಮದೀನಾದಿಂದ ಹೊರಹೋದಾಗ ಜನರ ನಮಾಝ್‌ಗೆ ನೇತೃತ್ವ ನೀಡುವ ಜವಾಬ್ದಾರಿಯನ್ನೂ ಒಪ್ಪಿಸಿದರು. ಅನುಕಂಪ ಮನುಷ್ಯನನ್ನು ಕುಗ್ಗಿಸುತ್ತದೆ, ಹೊಣೆಗಾರಿಕೆ ಎತ್ತಿ ನಿಲ್ಲಿಸುತ್ತದೆ.

ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು ಕ್ರೀಡೆಯಲ್ಲಿ ಅವರ ಪಾಲ್ಗೊಳ್ಳುವಿಕೆಯನ್ನು ಖಾತರಿಪಡಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿದೆ. ಅದನ್ನು ಕೇಳಿ ಪಡೆಯೋಣ. ಆದರೆ ನಮ್ಮ ಶಾದಿ ಮಹಲ್‌ನ ಸಭಾಂಗಣದಲ್ಲಿ ಹತ್ತು ಮೀಟರ್ ಜಾಗ ಬಿಟ್ಟುಕೊಡಲು ಯಾವ ಕಾಯ್ದೆ ಬೇಕು? ಮಸೀದಿಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ಕಟ್ಟಲು ಯಾರ ಅಪ್ಪಣೆ ಬೇಕು?

ಮುಂದಿನ ಬಾರಿ ಅಂಥವರ ಮನೆಗೆ ಹೋದಾಗ ಸಾಂತ್ವನ ಹೇಳಿ ಮರಳದಿರೋಣ. ಅವರನ್ನೂ ಜೊತೆಯಲ್ಲಿ ಕರೆತರೋಣ. ಅಲ್ಲಾಹನು ನಮಗೆ ಆ ಸೌಭಾಗ್ಯ ಕರುಣಿಸಲಿ.