ಪ್ರಶ್ನೆ ನಮ್ಮ ಓಣಿಯದಾಗಲಿ



ಶತಮಾನೋತ್ಸವದಲ್ಲಿ ಶಾಲೆಯ ಗತವೈಭವವನ್ನು ನೆನೆಯುವುದು ವಾಡಿಕೆ. ಆ ಕಾರ್ಯವನ್ನು ಹಿರಿಯರು ಸೊಗಸಾಗಿ ನೆರವೇರಿಸಿದ್ದಾರೆ. ನಾವು ಇಲ್ಲಿಂದ ಹೊರಟು ಮುಂದೆ ಬಿ.ಎಸ್ಸಿ. ಸೇರುವ ಮಕ್ಕಳ ವಿಷಯವನ್ನು ಮಾತ್ರ ಎತ್ತಿಕೊಳ್ಳುತ್ತೇವೆ.

ಪ್ರವೇಶದ ದಿನಗಳಲ್ಲಿ ನವಿ ಪೇಠದ ಪಾಲಕರೂ ಅಕ್ಕಲಕೋಟೆಯ ಕಡೆಯ ಪಾಲಕರೂ ಒಂದೇ ಮಾತು ಕೇಳುತ್ತಾರೆ: ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ವಿಜ್ಞಾನ ಪದವಿ ದಕ್ಕೀತೇ? ಈ ಅಂಜಿಕೆಯಿಂದಲೇ ಎಷ್ಟೋ ಮಕ್ಕಳು ವಿಜ್ಞಾನದ ಬಾಗಿಲಿನಿಂದ ಹಿಂದಿರುಗುತ್ತಾರೆ. ಇಂಗ್ಲಿಷಿನ ಉಪನ್ಯಾಸಗಳು ಮೊದಲ ವರ್ಷ ಕಠಿಣವೇ. ಅದನ್ನು ಮುಚ್ಚಿಡುವುದು ಸಲ್ಲದು. ಆದರೆ ಪದವಿ ಶಿಕ್ಷಣದ ಸ್ವರೂಪವೇ ಈಗ ಬದಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ನಮ್ಮ ರಾಜ್ಯದ ಕಾಲೇಜುಗಳಲ್ಲಿ ಕ್ಷೇತ್ರ ಪ್ರಕಲ್ಪ ಪಠ್ಯದ ಭಾಗವಾಗಿದೆ. ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಅಂಕ ಪಡೆದವರು ನಾಲ್ಕನೆಯ ವರ್ಷದಲ್ಲಿ 12 ಕ್ರೆಡಿಟ್‌ಗಳ ಸಂಶೋಧನ ಪ್ರಕಲ್ಪವನ್ನು ಕೈಗೊಳ್ಳಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ಚೌಕಟ್ಟು ಹೇಳುತ್ತದೆ.

ಪ್ರಾಕ್ಟಿಕಲ್ ಬೇರೆ, ಪ್ರಕಲ್ಪ ಬೇರೆ. ಪ್ರಾಕ್ಟಿಕಲ್‌ನಲ್ಲಿ ಬರಬೇಕಾದ ಉತ್ತರ ಜರ್ನಲ್ಲಿನಲ್ಲಿ ಮೊದಲೇ ಬರೆದಿರುತ್ತದೆ. ಪ್ರಕಲ್ಪದಲ್ಲಿ ಉತ್ತರ ಗುರುಗಳಿಗೂ ಗೊತ್ತಿರುವುದಿಲ್ಲ. ನೀರಿನ ಗಡಸುತನವನ್ನೇ ನೋಡೋಣ. ಬ್ಯೂರೆಟ್ಟಿನಿಂದ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತಿರಲು ಕೆನ್ನೀರು ಒಮ್ಮೆಲೇ ನೀಲಿಯಾಗುತ್ತದೆ, ಲೆಕ್ಕ ಮುಗಿಯಿತು. ಅದೇ ವಿದ್ಯಾರ್ಥಿನಿ ತನ್ನ ಓಣಿಯ ಹತ್ತು ಬೋರ್‌ವೆಲ್‌ಗಳ ನೀರನ್ನು ಮಳೆಗಾಲದ ಮುಂಚೆ ಮತ್ತು ನಂತರ ಪರೀಕ್ಷಿಸಲಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600. ಒಂದು ಬೋರ್‌ವೆಲ್ ಮಾತ್ರ ಉಳಿದವಕ್ಕಿಂತ ತೀರ ಬೇರೆ ಅಂಕಿ ಕೊಟ್ಟರೆ? ಬಾಟಲಿ ಸರಿಯಾಗಿ ತೊಳೆದಿರಲಿಲ್ಲವೇ, ಬೋರ್‌ವೆಲ್ ಹೆಚ್ಚು ಆಳವೇ, ನೆರೆಯಲ್ಲಿ ಬಣ್ಣ ಹಾಕುವ ಕಾರ್ಖಾನೆಯಿದೆಯೇ? ಒಂದೊಂದನ್ನೂ ಅವಳು ಪರೀಕ್ಷಿಸಿ ಕೈಬಿಡಬೇಕು. ವಿಜ್ಞಾನ ಆರಂಭವಾಗುವುದು ಆ ಬೇಸರದ ಕೆಲಸದಲ್ಲಿ.

ಇಲ್ಲಿಯೇ ನಮ್ಮ ಮಕ್ಕಳು ಹಿಂದಲ್ಲ, ಮುಂದೆ ಇದ್ದಾರೆ. ಬೋರ್‌ವೆಲ್ ಎಷ್ಟು ಆಳ, ಯಾವ ಬೇಸಿಗೆಯಲ್ಲಿ ಬತ್ತಿತ್ತು ಎಂದು ಅಕ್ಕಲಕೋಟೆ ತಾಲ್ಲೂಕಿನ ರೈತನನ್ನು ಕೇಳಬೇಕಾದದ್ದು ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ. ಸೊಲ್ಲಾಪುರದ ಮಗ್ಗದವರ ಓಣಿಯಲ್ಲಿ ತೆಲುಗೂ ಬೇಕಾದೀತು. ಮೂರು ಭಾಷೆಗಳ ನಡುವೆ ಬೆಳೆದ ಮಗುವಿಗೆ ಇದು ಸಹಜ. ವರದಿಯನ್ನು ಇಂಗ್ಲಿಷಿನಲ್ಲಿ ಬರೆಯುವುದನ್ನು ಅದು ಕಲಿಯಲೇಬೇಕು, ಕಲಿಯುತ್ತದೆ. ತನ್ನದೇ ಅಂಕಿಗಳ ಬಗ್ಗೆ ಬರೆಯುವಾಗ ಬೇಗ ಕಲಿಯುತ್ತದೆ.

ಓಣಿಯ ಪ್ರಶ್ನೆ ಚಿಕ್ಕದೆಂದು ಯಾರೂ ಭಾವಿಸಬೇಕಿಲ್ಲ. ನಮ್ಮ ಹಿಂಗಾರಿ ಜೋಳದ ಹೆಸರಾಂತ ತಳಿ ಎಂ 35-1 ನಮ್ಮದೇ ಜಿಲ್ಲೆಯ ಮೊಹೊಳದಲ್ಲಿ ಇಲ್ಲಿಯ ಮಾಲದಂಡಿ ಜೋಳದಿಂದ ಆಯ್ದು ತೆಗೆದದ್ದು. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲಿಯೇ ಇದೆ. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 2004ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿಯೇ ಒಂದು ರಾಷ್ಟ್ರೀಯ ಉಪಕ್ರಮವನ್ನು ಆರಂಭಿಸಿ, ಶಿಬಿರಗಳಿಗೆ ಕರೆದು, ವಿಜ್ಞಾನಿಗಳ ಮಾರ್ಗದರ್ಶನದಲ್ಲಿ ಪ್ರಕಲ್ಪ ಮಾಡಿಸಿದೆ. ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಅದು ಒಂದು ರಾತ್ರಿಯ ಹಾದಿ.

ಪಾಲಕರಿಗೆ ಒಂದು ಕಟು ಮಾತು. ಸಿದ್ಧ ಪ್ರಕಲ್ಪಗಳು ಈಗ ಬೈಂಡಿಂಗ್ ಸಮೇತ ದೊರೆಯುತ್ತವೆ. ಅಂಕ ಬಂದರೆ ಸಾಕೆಂದು ಹಣ ಕೊಡುವವರು ನಾವೇ, ಹಿರಿಯರು. ಅಂಕಿಗಳು ಅಂದವಾಗಿ ಹೊಂದಿಕೊಳ್ಳದ, ಕೈಬರಹದ, ಮಸಿ ಚೆಲ್ಲಿದ ವಹಿಯನ್ನು ಮಗು ಮನೆಗೆ ತಂದರೆ ಗದರಬೇಡಿ. ಆ ವಹಿ ಅದರ ಸ್ವಂತದ್ದು.

ಕಾಲೇಜುಗಳಲ್ಲಿ, ಪ್ರಯೋಗಾಲಯಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ಬೇಡಿಕೆ ಇಷ್ಟೇ: ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ಪ್ರಕಲ್ಪವನ್ನು ತಿಂಗಳಿಗೊಮ್ಮೆ ಕುಳಿತು ನೋಡಿಕೊಡಿ, ಮಾತು ಕನ್ನಡದಲ್ಲಿರಲಿ. ಬಿ.ಎಸ್ಸಿ. ಓದುತ್ತಿರುವ ನಮ್ಮ ಮಕ್ಕಳಿಗಾಗಿ ಶಾಲೆಯ ಪ್ರಯೋಗಾಲಯವನ್ನು ಶನಿವಾರ ಮಧ್ಯಾಹ್ನ ತೆರೆದಿಡುತ್ತೇವೆ. ಬ್ಯೂರೆಟ್ಟುಗಳಿವೆ, ಸೂಕ್ಷ್ಮದರ್ಶಕಗಳಿವೆ. ತಕ್ಕಡಿ ಮಾತ್ರ ಬಹಳ ಹಳೆಯದು; ಹೊಸದರ ಹೊಣೆಯನ್ನು ಸಭೆಯಲ್ಲಿರುವ ಯಾರಾದರೂ ಹೊತ್ತರೆ ಬೇಡವೆನ್ನೆವು.