ಬೀಗ ಹಾಕಿದ ಆಟ



ಕಂಪ್ಯೂಟರ್ ಆಟಗಳ ವಿಚಾರವಾಗಿ ಕನ್ನಡದ ಅಧ್ಯಾಪಕನೊಬ್ಬ ಮಾತನಾಡ ಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಆ ಆಟಗಳಲ್ಲಿ ಒಂದು ಜಾತಿಯುಂಟು. ಅದು ನಮ್ಮ ಕಸುಬಿಗೆ ಅಷ್ಟೇನೂ ದೂರದ್ದಲ್ಲ. ಆಡುವವನು ಒಂದು ಪಾತ್ರವನ್ನು ಧರಿಸಿ, ಅದಕ್ಕೊಂದು ಹೆಸರಿಟ್ಟು, ಒಂದು ಕಲ್ಪಿತ ರಾಜ್ಯವನ್ನು ಹೊಗುತ್ತಾನೆ. ಅಲ್ಲಿಯ ಜನರೊಡನೆ ಮಾತಾಡುತ್ತಾನೆ, ವಚನ ಕೊಡುತ್ತಾನೆ, ಕೊಟ್ಟ ವಚನಕ್ಕೆ ತಪ್ಪುತ್ತಾನೆ, ಅದರ ಫಲವನ್ನು ಉಣ್ಣುತ್ತಾನೆ. ಇಂಗ್ಲಿಷಿನಲ್ಲಿ ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ನಾನು ವೇಷದ ಆಟ ಎನ್ನುತ್ತೇನೆ. ಯಕ್ಷಗಾನ ಕಂಡ ನಾಡಿಗೆ ಈ ಮಾತು ಸಾಕು. ಒಂದು ಆಟ ಮುಗಿಯಬೇಕಾದರೆ ನಲವತ್ತು ಗಂಟೆ, ಅರವತ್ತು ಗಂಟೆ, ಕೆಲವೊಮ್ಮೆ ನೂರು ಗಂಟೆ ಹಿಡಿಯುವುದುಂಟು. ದಿನಕ್ಕಿಷ್ಟು ಆಡಿ, ಆಡಿದ ಮಟ್ಟವನ್ನು ಕಾಪಿಟ್ಟು, ಮರುದಿನ ಅಲ್ಲಿಂದ ಮುಂದುವರಿಸುತ್ತಾರೆ. ಕಾಪಿಟ್ಟದ್ದಕ್ಕೆ ಹುಡುಗರ ಮಾತಿನಲ್ಲಿ ಸೇವ್.

ಇಂಥ ಆಟವೊಂದು ಜನಪ್ರಿಯವಾಯಿತೆಂದರೆ ಅದಕ್ಕೊಂದು ಉತ್ತರಭಾಗ ಹೊರಡುತ್ತದೆ. ಇದೂ ನಮಗೆ ಹೊಸದಲ್ಲ. ಬಾಣಭಟ್ಟ ಅರ್ಧದಲ್ಲಿ ಬಿಟ್ಟ ಕಾದಂಬರಿಯನ್ನು ಅವನ ಮಗ ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿದ. ಆ ಮುಂದಿನ ಪರ್ವಗಳನ್ನು ಓದಿದವರೆಷ್ಟು ಮಂದಿ ಎಂದು ಎಂ.ಎ. ತರಗತಿಯಲ್ಲಿ ಕೇಳಿದಾಗಲೆಲ್ಲ ನನಗೆ ದೊರೆತ ಉತ್ತರ ಮೌನ. ತಿಮ್ಮಣ್ಣನಿಗೆ ಶಕ್ತಿಯಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇನ್ನೊಬ್ಬ ಉಸಿರು ಕೊಟ್ಟ ಲೋಕದೊಳಗೆ ಹೋಗಿ ಸಂಸಾರ ಹೂಡುವುದು ಬಲು ಕಷ್ಟದ ಕೆಲಸ.

ಆಟದ ಲೋಕದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಅದರ ಒಂದು ತುದಿ ನಮ್ಮ ದೇಶದಲ್ಲೇ ಇದೆ. ಜರ್ಮನಿಯ ಪಿರಾನ್ಹಾ ಬೈಟ್ಸ್ ಎಂಬ ಸಣ್ಣ ತಂಡ ಗೋಥಿಕ್ ಎಂಬ ಆಟಗಳ ಮಾಲೆಯನ್ನು ರಚಿಸಿತ್ತು. ಮೂರನೆಯದು ೨೦೦೬ರಲ್ಲಿ ಬಂದಾಗಲೇ ದೋಷಗಳಿಂದ ಕಿಕ್ಕಿರಿದಿತ್ತು. ಅನಂತರ ಆ ತಂಡಕ್ಕೂ ಆಸ್ಟ್ರಿಯಾದ ಪ್ರಕಾಶಕ ಸಂಸ್ಥೆಯಾದ ಜೋವುಡ್‌ಗೂ ಸಂಬಂಧ ಕಡಿಯಿತು. ಉತ್ತರಭಾಗವನ್ನು ಬರೆಯುವ ಕೆಲಸ ಮುಂಬಯಿಯ ಟ್ರೈನ್ ಗೇಮ್ಸ್ ಎಂಬ ಸಂಸ್ಥೆಗೆ ಬಂತು. ೨೦೦೮ರ ನವೆಂಬರಿನಲ್ಲಿ ಫರ್ಸೇಕನ್ ಗಾಡ್ಸ್, ಎಂದರೆ ಕೈಬಿಟ್ಟ ದೇವತೆಗಳು, ಎಂಬ ಹೆಸರಿನಿಂದ ಅದು ಹೊರಬಿತ್ತು. ಆಟ ನಡುವೆ ನಿಲ್ಲುತ್ತಿತ್ತು. ಕಥೆಯ ತಂತು ಹರಿಯುತ್ತಿತ್ತು. ಅಭಿಮಾನಿಗಳ ಸಿಟ್ಟು ಎಷ್ಟಕ್ಕೆ ಹೋಯಿತೆಂದರೆ ಪ್ರಕಾಶಕರೇ ಬಹಿರಂಗವಾಗಿ ಅವರ ಕ್ಷಮೆ ಕೇಳಬೇಕಾಯಿತು. ಪುಸ್ತಕ ಕೆಟ್ಟದೆಂದು ಓದುಗರ ಕ್ಷಮೆ ಕೇಳಿದ ಕನ್ನಡ ಪ್ರಕಾಶಕರನ್ನು ನಾನಂತೂ ಕಂಡಿಲ್ಲ; ಆ ಮಟ್ಟಿಗೆ ಆಸ್ಟ್ರಿಯಾದವರು ಮೇಲು. ಮುಂಬಯಿಯ ತರುಣರನ್ನು ಹೀಯಾಳಿಸುವುದು ಸುಲಭ. ತಾವು ಕಟ್ಟದ ಮನೆಗೆ, ಅಡಿಪಾಯದಲ್ಲೇ ಬಿರುಕಿದ್ದ ಮನೆಗೆ, ಅವಸರದಲ್ಲಿ ಮಹಡಿ ಏರಿಸಿದವರು ಅವರು. ತಿಮ್ಮಣ್ಣನಿಗಾದರೂ ಕೆಳಗಿನ ಹತ್ತು ಪರ್ವಗಳು ಭದ್ರವಾಗಿದ್ದವು.

ಇಂಥ ಆಟಗಳನ್ನು ಹಣ ತೆತ್ತು ಕೊಂಡ ಸಾಮಾನ್ಯ ಆಟಗಾರನ ಪಾಡೇನಾಗುತ್ತಿತ್ತೆಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ೨೦೦೯ರ ಸುಮಾರಿಗೆ ಜಯನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಸಂಸಾರದ ಹುಡುಗ, ಎಂಜಿನಿಯರಿಂಗ್ ವಿದ್ಯಾರ್ಥಿ, ಇಂಥದೇ ಒಂದು ಉತ್ತರಭಾಗವನ್ನು ಕೈಖರ್ಚಿನ ಹಣ ಕೂಡಿಟ್ಟು ನಾಲ್ಕನೆಯ ಬ್ಲಾಕಿನ ಅಂಗಡಿಯೊಂದರಿಂದ ಕೊಂಡು ತಂದ. ಅಸಲಿ ಡಿಸ್ಕು, ಮೊಹರು ಒಡೆಯದ ಪೆಟ್ಟಿಗೆ. ಅವನ ಸಹಪಾಠಿ, ಬಿ.ಟಿ.ಎಂ. ಬಡಾವಣೆಯವನು, ಅದೇ ಆಟದ ನಕಲನ್ನು ಮೆಜೆಸ್ಟಿಕ್ಕಿನ ಕಡೆಯಿಂದ ಜುಜುಬಿ ಬೆಲೆಗೆ ತಂದಿದ್ದ. ನಮ್ಮವನಿಗೆ ಸ್ವಲ್ಪ ಆದರ್ಶದ ಹುಚ್ಚು. ಬರೆದವರಿಗೆ ಸಲ್ಲಬೇಕಾದದ್ದು ಸಲ್ಲಬೇಕೆಂಬ ಹಟ.

ಅಸಲಿ ಡಿಸ್ಕಿಗೆ ಬೀಗವಿತ್ತು. ಪ್ರತಿ ಸಲವೂ ಡಿಸ್ಕು ಯಂತ್ರದೊಳಗೇ ಇರಬೇಕು. ಅದಲ್ಲದೆ ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡಾಗ ಅಂತರಜಾಲದ ಮೂಲಕ ಸಂಸ್ಥೆಯ ಅಪ್ಪಣೆ ಪಡೆಯಬೇಕು. ಅಪ್ಪಣೆ ಮೂರೇ ಬಾರಿ. ಮೊದಲನೆಯದು ಸರಿ. ವೈರಸ್ ಹೊಕ್ಕು ಕಂಪ್ಯೂಟರನ್ನು ಅಳಿಸಿ ಹೊಸದಾಗಿ ಸಜ್ಜುಗೊಳಿಸಿದಾಗ ಎರಡನೆಯದು ಹೋಯಿತು. ಬೇಸಗೆಯ ಕರೆಂಟು ಹೋಗಿಬರುವ ಆರ್ಭಟದಲ್ಲಿ ಮದರ್‌ಬೋರ್ಡು ಸುಟ್ಟು ಬೇರೆಯದನ್ನು ಹಾಕಿಸಿದಾಗ ಮೂರನೆಯದೂ ಹೋಯಿತು. ಬದಲಾದ ಯಂತ್ರವನ್ನು ಕಂಡ ಬೀಗಕ್ಕೆ ಅವನು ಹೊಸ ಮನುಷ್ಯನಾಗಿ ಕಂಡ.

ಈ ನಡುವೆ ಆಟದೊಳಗೆ ಬೇರೊಂದು ವಿಪತ್ತು. ಕಥೆ ಮುಂದೆ ಸಾಗಬೇಕಾದರೆ ಕೋಟೆಯ ಕಾವಲುಗಾರನೊಬ್ಬ ಬಾಗಿಲು ತೆರೆಯಬೇಕು. ಅವನು ತೆರೆಯಲಿಲ್ಲ, ಮಾತನ್ನೂ ಆಡಲಿಲ್ಲ; ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ದೋಷಕ್ಕೆ ಸಂಸ್ಥೆ ತೇಪೆಯನ್ನು, ಹುಡುಗರು ಪ್ಯಾಚ್ ಎನ್ನುವುದನ್ನು, ಹೊರಡಿಸಿತ್ತು. ಅದು ಮುನ್ನೂರು ಎಂ.ಬಿ.ಗೂ ಮೀರಿದ್ದು. ಆಗಿನ ಬ್ರಾಡ್‌ಬ್ಯಾಂಡಿಗೆ ತಿಂಗಳ ಮಿತಿಯಿತ್ತು. ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಲೆಕ್ಕವಿಲ್ಲವೆಂಬ ಸವಲತ್ತಿದ್ದುದರಿಂದ ಆ ಹುಡುಗ ಅಲಾರಾಂ ಇಟ್ಟುಕೊಂಡು ಎರಡು ಗಂಟೆಗೆ ಎದ್ದು ತೇಪೆಯನ್ನು ಇಳಿಸಿಕೊಂಡ. ತೇಪೆ ಹಾಕಿದ ಮೇಲೆ ಹಳೆಯ ಸೇವ್ ತೆರೆಯಲಿಲ್ಲ. ಮೂವತ್ತೆಂಟು ಗಂಟೆಗಳ ಸಂಚಾರ, ಸಂಭಾಷಣೆ, ಗೆಳೆತನ, ದ್ರೋಹ ಎಲ್ಲವೂ ಒಂದು ಪುಟ್ಟ ಚೌಕದೊಳಗಿನ ಇಂಗ್ಲಿಷ್ ವಾಕ್ಯವಾಗಿ ಮುಗಿದುಹೋಯಿತು. ಅವನ ತಾಯಿ ನಕ್ಕರು. ನನಗೆ ನಗು ಬರಲಿಲ್ಲ. ಅವನು ಕಳೆದುಕೊಂಡದ್ದು ತಾನೂ ಕೈಹಚ್ಚಿ ಬರೆದ ಕಥೆಯೊಂದರ ಹಸ್ತಪ್ರತಿಯನ್ನು.

ಮತ್ತೆ ಮೊದಲಿನಿಂದ ಆಡುತ್ತೇನೆಂದು ಹೊರಟವನಿಗೆ ಆಟ ತೆರೆದುಕೊಳ್ಳಲೇ ಇಲ್ಲ. "ಸರ್, ಇದು ಬಗ್ಗೋ ಬೀಗವೋ ಗೊತ್ತಾಗ್ತಿಲ್ಲ" ಎಂದ. ಸಂಸ್ಥೆಗೆ ಬರೆದ. ಮೂರು ವಾರದ ಮೇಲೆ, ಕೊಂಡ ರಸೀದಿಯ ಚಿತ್ರ ಕಳುಹಿಸಬೇಕೆಂದು ಯಂತ್ರವೇ ಬರೆದಂತಿದ್ದ ಒಂದು ಉತ್ತರ ಬಂತು. ನಮ್ಮ ಅಂಗಡಿಯವನು ಕೊಟ್ಟದ್ದು ಕೈಬರಹದ ಚೀಟಿ. ಅಷ್ಟರಲ್ಲಿ ಬಿ.ಟಿ.ಎಂ. ಬಡಾವಣೆಯ ಗೆಳೆಯ ಡಿಸ್ಕೂ ಇಲ್ಲದೆ, ಅಪ್ಪಣೆಯೂ ಇಲ್ಲದೆ ಆಟ ಮುಗಿಸಿ ಕುಳಿತಿದ್ದ. ಕೊನೆಗೆ ನಮ್ಮವನು ಅದೇ ಗೆಳೆಯನಿಂದ ಬೀಗ ಮುರಿಯುವ ಕಡತವನ್ನು ತಂದು ತಾನು ಕೊಂಡ ಅಸಲಿಗೆ ಹಾಕಿಕೊಂಡ. ಇದನ್ನು ಕಳವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಬಗ್ಗೋ ಬೀಗವೋ ಎಂಬ ಆ ಪ್ರಶ್ನೆ ಚಿಕ್ಕದಲ್ಲ. ೨೦೦೬ರಲ್ಲಿ ಐರನ್ ಲೋರ್ ಎಂಬ ತಂಡದ ಟೈಟನ್ ಕ್ವೆಸ್ಟ್ ಎಂಬ ಆಟ ಬಂತು. ಅದರ ಕಳ್ಳಪ್ರತಿಯಲ್ಲಿ ರಕ್ಷಣೆಯ ತಪಾಸಣೆ ಎದುರಾದ ಕಡೆ ಆಟ ತಟ್ಟನೆ ಕುಸಿದುಬೀಳುತ್ತಿತ್ತು. ಕಳ್ಳಪ್ರತಿ ಆಡಿದವರು ಸುಮ್ಮನಿರಲಿಲ್ಲ. ಆಟವೇ ದೋಷಪೂರ್ಣವೆಂದು ಊರೆಲ್ಲ ಸಾರಿದರು. ೨೦೦೮ರಲ್ಲಿ ಆ ತಂಡ ಮುಚ್ಚಿದ ಮೇಲೆ ಪ್ರಕಾಶನ ಸಂಸ್ಥೆಯ ಮೈಕೆಲ್ ಫಿಚ್ ಎಂಬವರು ಈ ಸಂಗತಿಯನ್ನು ನೋವಿನಿಂದ ಬರೆದರು. ಅವರ ದುಃಖ ನಿಜವೇ. ಆದರೆ ಬೀಗವನ್ನು ದೋಷದ ವೇಷದಲ್ಲಿ ನಿಲ್ಲಿಸಿದವರು ಯಾರು? ಕಾವಲುನಾಯಿಗೆ ಹುಚ್ಚುನಾಯಿಯ ಹಾಗೆ ವರ್ತಿಸಲು ಕಲಿಸಿದ ಮೇಲೆ ದಾರಿಹೋಕರು ಅದನ್ನು ಹುಚ್ಚುನಾಯಿಯೆಂದೇ ಕರೆಯುತ್ತಾರೆ.

ಹಿಂದಿನ ಬೀಗಗಳಲ್ಲಿ ಸ್ವಲ್ಪ ರಸಿಕತೆಯಿತ್ತು. ೧೯೮೮ರಲ್ಲಿ ಬಂದ ಪೂಲ್ ಆಫ್ ರೇಡಿಯನ್ಸ್ ಎಂಬ ಆಟದ ಜೊತೆಗೆ ರಟ್ಟಿನ ಒಂದು ಚಕ್ರ ಕೊಡುತ್ತಿದ್ದರು. ಅದರ ಮೇಲೆ ಯಕ್ಷರದೊಂದು, ಕುಬ್ಜರದೊಂದು ಎನ್ನಬಹುದಾದ ಎರಡು ಕಲ್ಪಿತ ಲಿಪಿಗಳು. ಪರದೆಯ ಮೇಲೆ ಮೂಡಿದ ಅಕ್ಷರಗಳನ್ನು ಚಕ್ರದಲ್ಲಿ ಹೊಂದಿಸಿ ಗೂಢಪದವನ್ನು ಓದಿ ಹೇಳಿದರೆ ಪ್ರವೇಶ. ಕಥೆಯ ಅನೇಕ ಭಾಗಗಳು ಪೆಟ್ಟಿಗೆಯೊಳಗಿನ ಪುಸ್ತಿಕೆಯಲ್ಲಿ ಅಂಕಿಯಿಟ್ಟು ಅಚ್ಚಾಗಿದ್ದವು. ಮುಂಚಿತವಾಗಿ ಓದುವ ಆತುರಗಾರರನ್ನು ದಾರಿ ತಪ್ಪಿಸಲು ನಡುವೆ ಸುಳ್ಳು ಭಾಗಗಳನ್ನೂ ಸೇರಿಸಿದ್ದರು. ಶಾಸನ ಓದುವವನ ಸುಖ ಅದರಲ್ಲಿತ್ತು. ಜೆರಾಕ್ಸ್ ಅಂಗಡಿ ಮತ್ತು ಕತ್ತರಿ ಇದ್ದ ಕಡೆ ಆ ಬೀಗ ನಿಲ್ಲುವುದು ಕಷ್ಟವಾಗಿತ್ತೆಂಬುದು ಬೇರೆ ಮಾತು.

ಶಾಸನದ ಮಾತು ಬಂತಲ್ಲ. ನಮ್ಮ ದಾನಶಾಸನಗಳ ಕೊನೆಯಲ್ಲಿ ಶಾಪಾಶಯವಿರುತ್ತದೆ: ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆಯೆಂದು. ೧೯೯೫ರಲ್ಲಿ ಅಮೆರಿಕದಲ್ಲಿ ಬಂದ ಅರ್ಥ್‌ಬೌಂಡ್ ಎಂಬ ವೇಷದ ಆಟದಲ್ಲಿ ನನಗೆ ಅದೇ ಮನೋಧರ್ಮ ಕಾಣುತ್ತದೆ. ಪ್ರತಿ ಕಳ್ಳತನದ್ದೆಂದು ಆಟಕ್ಕೆ ತಿಳಿದರೆ ಶತ್ರುಗಳ ಸಂಖ್ಯೆ ವಿಪರೀತವಾಗುತ್ತದೆ. ಅದನ್ನೂ ಸಹಿಸಿ ಕೊನೆಯ ಯುದ್ಧದವರೆಗೆ ಬಂದರೆ ಆಟ ಸ್ತಬ್ಧವಾಗಿ, ಕಾಪಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಶಾಸನದ ಶಾಪ ಪರಲೋಕಕ್ಕೆ ಬಿಟ್ಟದ್ದು, ಇದು ಇಲ್ಲಿಯೇ ತಟ್ಟುವಂಥದು. ಶಾಸನದ ಶಾಪ ಧರ್ಮವನ್ನು ನಡೆಸಿಕೊಂಡು ಬಂದವನ ಮೇಲೆ ಎಂದೂ ಬೀಳಲಿಲ್ಲ. ಈಚಿನ ಬೀಗಗಳ ಶಾಪ ಬೀಳುವುದು ಬಹುಮಟ್ಟಿಗೆ ಹಣ ಕೊಟ್ಟವನ ಮೇಲೆಯೇ. ನಕಲು ಮಾಡಿದವನು ಶಾಪವನ್ನು ಕೆತ್ತಿ ತೆಗೆದೇ ಕಲ್ಲನ್ನು ಮಾರುತ್ತಾನೆ. ೨೦೦೮ರಲ್ಲಿ ಸ್ಪೋರ್ ಎಂಬ ಆಟಕ್ಕೆ ಮೂರು ಅಪ್ಪಣೆಗಳ ಮಿತಿ ಹಾಕಿದಾಗ ಅಮೆಜಾನಿನ ಮಳಿಗೆಯಲ್ಲಿ ಸಾವಿರಾರು ಮಂದಿ ಅದಕ್ಕೆ ಒಂದೇ ನಕ್ಷತ್ರ ಕೊಟ್ಟು ಪ್ರತಿಭಟಿಸಿದರು. ಅತಿ ಹೆಚ್ಚು ಕಳುವಾದ ಆಟವೆಂದು ಆ ವರ್ಷ ಹೆಸರಾದದ್ದೂ ಅದೇ.

ಪ್ರತಿ ಮಾಡುವುದೆಂಬ ಕ್ರಿಯೆಯ ಬಗೆಗೆ ಕನ್ನಡ ಓದಿದವನಿಗೆ ಅಷ್ಟು ಸುಲಭವಾಗಿ ತಿರಸ್ಕಾರ ಹುಟ್ಟುವುದಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. ಪೊನ್ನನಿಗೆ ರಾಜಾಶ್ರಯವಿತ್ತು, ಈಗಿನ ಆಟಗಾರರಿಗೆ ಮಾರಾಟವೊಂದೇ ಆಶ್ರಯ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪವೇ. ಬೀದಿಯಲ್ಲಿ ಕಳ್ಳಪ್ರತಿ ಮಾರುವವನನ್ನು ಅತ್ತಿಮಬ್ಬೆಯ ಪೀಠದಲ್ಲಿ ಕೂರಿಸಲು ನಾನು ಸಿದ್ಧನಿಲ್ಲ. ಆದರೆ ಓಲೆಗರಿಯ ಕಾಲದಿಂದ ನಮಗೆ ಗೊತ್ತಿರುವ ಸಂಗತಿಯೊಂದಿದೆ. ಲಿಪಿಕಾರನ ಕೈತಪ್ಪು ಇದ್ದೇ ಇರುತ್ತದೆ. ಹಲವು ಪ್ರತಿಗಳು ಉಳಿದಿದ್ದರೆ ಮಾತ್ರ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಬಹುದು. ಗೋಥಿಕ್ ಮೂರನೆಯ ಭಾಗಕ್ಕೆ ನಡೆದದ್ದು ಅಂಥದೇ ಗ್ರಂಥಸಂಪಾದನೆ. ಪ್ರಕಾಶಕರ ಒಪ್ಪಿಗೆಯಿಂದ ಅಭಿಮಾನಿಗಳ ತಂಡವೊಂದು ಸಂಬಳವಿಲ್ಲದೆ ವರ್ಷಗಟ್ಟಲೆ ಕುಳಿತು ದೋಷಗಳನ್ನು ಒಂದೊಂದಾಗಿ ತಿದ್ದಿತು. ೨೦೧೧ರಲ್ಲಿ ಜೋವುಡ್ ದಿವಾಳಿಯೆದ್ದ ಮೇಲೂ ಆ ತಿದ್ದುಪಡಿಯ ಕೆಲಸ ನಿಲ್ಲಲಿಲ್ಲ. ಒಡೆಯ ಹೋದ ಮೇಲೆ ಕೃತಿಯನ್ನು ಕಾಯ್ದವರು ಓದುಗರು.

ಒಡೆಯ ಹೋದ ಮೇಲೆ ಬೀಗ ಏನಾಗುತ್ತದೆಂಬುದನ್ನೂ ನೋಡಿದ್ದೇವೆ. ಸೇಫ್‌ಡಿಸ್ಕ್ ಎಂಬ ಬೀಗವನ್ನು ಎಷ್ಟೋ ಆಟಗಳಿಗೆ ಹಾಕಿದ್ದರು. ಅದು ಕಂಪ್ಯೂಟರಿನ ಒಳಮನೆಯವರೆಗೆ ಕೈಚಾಚುತ್ತಿದ್ದುದರಿಂದ ಭದ್ರತೆಗೆ ಅಪಾಯವೆಂದು ಮೈಕ್ರೋಸಾಫ್ಟ್ ಸಂಸ್ಥೆ ೨೦೧೫ರಲ್ಲಿ ವಿಂಡೋಸ್ ೧೦ರಲ್ಲಿ ಅದಕ್ಕೆ ಪ್ರವೇಶವನ್ನು ನಿರಾಕರಿಸಿತು. ಅಂದಿನಿಂದ ಕಪಾಟಿನಲ್ಲಿರುವ ಆ ಅಸಲಿ ಡಿಸ್ಕುಗಳು ಹೊಸ ಯಂತ್ರಗಳಲ್ಲಿ ತೆರೆಯುವುದಿಲ್ಲ. ಬೀಗ ಮುರಿದ ನಕಲುಗಳು ತೆರೆಯುತ್ತವೆ.

ಇದು ಹುಡುಗರ ಆಟದ ರಗಳೆ, ನಮಗೇನು ಎನ್ನುವ ಸಾಹಿತ್ಯಾಭಿಮಾನಿಗಳಿಗೆ ಒಂದು ಮಾತು. ಕನ್ನಡ ಪುಸ್ತಕಗಳ ಅಕ್ಷರಜೋಡಣೆ ಕಂಪ್ಯೂಟರಿಗೆ ಬಂದ ಮೊದಲ ವರ್ಷಗಳಲ್ಲಿ ಕೆಲವು ಕನ್ನಡ ತಂತ್ರಾಂಶಗಳಿಗೂ ಇಂಥ ಬೀಗವಿತ್ತು. ಹೆಬ್ಬೆರಳಿನಷ್ಟು ದೊಡ್ಡ ಡಾಂಗಲನ್ನು ಯಂತ್ರದ ಬೆನ್ನಿಗೆ ಸಿಕ್ಕಿಸಿದರೆ ಮಾತ್ರ ಅಕ್ಷರ ಮೂಡುತ್ತಿತ್ತು. ಒಂದೊಂದು ಸಂಸ್ಥೆಯ ಅಕ್ಷರಸಂಕೇತವೂ ಒಂದೊಂದು ಬಗೆ. ನನ್ನ ಗುರುಗಳೊಬ್ಬರ ಲೇಖನಗಳ ಸಂಪುಟವನ್ನು ಹಾಗೆ ಜೋಡಿಸಿದ್ದರು. ಮರುಮುದ್ರಣದ ಹೊತ್ತಿಗೆ ಡಾಂಗಲು ಕೆಟ್ಟಿತ್ತು, ಬದಲಿ ಸಿಗಲಿಲ್ಲ; ಬೇರೆ ಯಂತ್ರದಲ್ಲಿ ಕಡತ ತೆರೆದರೆ ಕಂಡದ್ದು ಅಕ್ಷರಗಳ ಜಾಗದಲ್ಲಿ ಕಸ. ಆರುನೂರು ಪುಟಗಳನ್ನು ಅಚ್ಚಾದ ಪ್ರತಿಯಿಂದ ಮತ್ತೆ ಟೈಪು ಮಾಡಿಸಬೇಕಾಯಿತು. ೧೯೯೧ರಲ್ಲೇ ಯೂನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟಿತ್ತು; ೧೯೯೮ರಲ್ಲಿ ಶೇಷಾದ್ರಿವಾಸು ಬರಹ ತಂತ್ರಾಂಶವನ್ನು ಉಚಿತವಾಗಿ ಕೊಟ್ಟಾಗ ಎಷ್ಟು ಮನೆಗಳಿಗೆ ಕನ್ನಡ ಹೊಕ್ಕಿತೆಂಬುದು ನಿಮಗೆ ಗೊತ್ತಿದೆ.

ಕಾನೂನು ಏನನ್ನುತ್ತದೆ? ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ೫೨ನೆಯ ಕಲಮು, ನ್ಯಾಯವಾಗಿ ತಂತ್ರಾಂಶವನ್ನು ಹೊಂದಿದವನು ನಷ್ಟವಾಗದಂತೆ ಒಂದು ರಕ್ಷಾಪ್ರತಿ ಮಾಡಿಕೊಳ್ಳಬಹುದೆಂದು ಹೇಳುತ್ತದೆ. ಅಂಥ ಪ್ರತಿಯನ್ನು ಮಾಡಲಾಗದಂತೆ ತಡೆಯುವುದೇ ಬೀಗದ ಕೆಲಸ. ೨೦೧೨ರ ತಿದ್ದುಪಡಿಯಲ್ಲಿ ೬೫-ಎ ಎಂಬ ಕಲಮು ಸೇರಿತು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಮೇಲೆ ದಂಡ. ಕಾಯಿದೆ ನಿಷೇಧಿಸದ ಕೆಲಸಕ್ಕಾಗಿ ಮುರಿದರೆ ಅಡ್ಡಿಯಿಲ್ಲ. ನಮ್ಮ ಮಹಡಿಯ ಹುಡುಗನಂಥವರಿಗೆ ಇಲ್ಲಿ ಆಸರೆಯಿದೆಯೆಂದೇ ನನ್ನ ತಿಳಿವಳಿಕೆ. ಆದರೆ ಹಾಗೆ ಮುರಿಯಲು ಇನ್ನೊಬ್ಬರಿಗೆ ನೆರವಾಗುವವನು, ನೆರವು ಪಡೆದವನ ಹೆಸರು, ವಿಳಾಸ, ಉದ್ದೇಶ ಮುಂತಾದ ವಿವರಗಳ ಸಂಪೂರ್ಣ ದಾಖಲೆಯನ್ನು ಇಟ್ಟಿರಬೇಕೆಂದು ಅದೇ ಕಲಮು ವಿಧಿಸುತ್ತದೆ. ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ನಾನು ಅನೇಕ ಸಲ ಹೋಗಿದ್ದೇನೆ. ಅಂಥ ದಾಖಲೆಪುಸ್ತಕವನ್ನು ಇಟ್ಟ ಅಂಗಡಿ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.